ಫಾರಂನಲ್ಲಿ ಚಿಲಕಕ್ಕೆ ಜಾಗ ಇರಲಿಲ್ಲ

ನಾಲ್ಕು ವರ್ಷದ ಆ ಹುಡುಗ ಬೆಳಿಗ್ಗೆ ಬಂದವನೇ ಮೂಲೆಯ ಚಾಪೆ ಮೇಲೆ ಮಲಗಿಬಿಡುತ್ತಿದ್ದ. ಹಾಡು ಶುರುವಾದರೂ ಏಳುತ್ತಿರಲಿಲ್ಲ, ಬಣ್ಣದ ಡಬ್ಬಿ ತೆಗೆದರೂ ಏಳುತ್ತಿರಲಿಲ್ಲ. ಕಣ್ಣುಜ್ಜಿಕೊಂಡು ಆಟಕ್ಕೆ ಇಳಿಯುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಗಿರುತ್ತಿತ್ತು. "ಮನೆಯಲ್ಲಿ ಏನು ನಡೀತಿದೆ, ಸ್ವಲ್ಪ ನೋಡಿ" ಅಂದರು ಟೀಚರ್.

ಅದೇ ನನ್ನ ಕೆಲಸ. ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ನಡೆಯುವ ಕೇಂದ್ರ ನಮ್ಮದು. ನಾನು ಅಲ್ಲಿ ಪಾಠ ಮಾಡುವುದಿಲ್ಲ, ಮಕ್ಕಳ ಮನೆಯವರ ಜೊತೆ ಓಡಾಡುತ್ತೇನೆ. ಮನೆಭೇಟಿ, ಅರ್ಜಿ ತುಂಬಿಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಎಷ್ಟೋ ಸಲ ಸುಮ್ನೆ ಕೂತು ಕೇಳಿಸಿಕೊಳ್ಳುವುದು. ವರ್ಷದ ಶುರುವಿನಲ್ಲಿ ಪ್ರತಿ ಮನೆಯವರ ಜೊತೆ ಮಾತಾಡಿ ಒಂದು ಗುರಿ ಬರೆದುಕೊಳ್ಳಬೇಕು.

ಆ ಹುಡುಗನ ತಾಯಿಯನ್ನು ಕೇಳಿದೆ, "ಈ ವರ್ಷ ನಿಮಗೆ ಏನಾಗಬೇಕು?"

"ಬಾಗಿಲಿಗೆ ಒಂದು ಚಿಲಕ ಬೇಕು ಅಕ್ಕ."

ಒಂದೇ ಕೋಣೆಯ ಮನೆ. ಹೊರಗಡೆ ಹತ್ತು ಜನ ಓಡಾಡುವ ದಾರಿ. ಚಿಲಕ ಕಿತ್ತುಬಂದು ತಿಂಗಳುಗಳಾಗಿದ್ದವು. ರಾತ್ರಿ ಅವರು ಕಬ್ಬಿಣದ ಟ್ರಂಕನ್ನು ಬಾಗಿಲಿಗೆ ಅಡ್ಡ ಎಳೆದಿಡುತ್ತಿದ್ದರು. ಯಾರಾದರೂ ತಪ್ಪಿ ಬಾಗಿಲು ತಳ್ಳಿದರೆ ಟ್ರಂಕು ಕಿರ್ರೆಂದು ಸರಿಯುತ್ತಿತ್ತು, ಮಗು ಬೆಚ್ಚಿ ಎದ್ದು ಕೂರುತ್ತಿತ್ತು.

ಇಷ್ಟು ಕೇಳಿಯೂ ನಾನು ಮಾಡಿದ್ದೇನು? "ಅದನ್ನೂ ನೋಡೋಣ" ಅಂದೆ. ನನ್ನ ಫಾರಂನಲ್ಲಿ ಆರೋಗ್ಯ, ಕಲಿಕೆ, ಉದ್ಯೋಗ ಅಂತ ಕಾಲಂಗಳಿದ್ದವು. ಚಿಲಕಕ್ಕೆ ಕಾಲಂ ಇರಲಿಲ್ಲ. "ದಿನಾ ರಾತ್ರಿ ಹತ್ತು ನಿಮಿಷ ಚಿತ್ರಪುಸ್ತಕ ತೋರಿಸುವುದು" ಅಂತ ಗುರಿ ಬರೆದೆ, ಪುಸ್ತಕವನ್ನೂ ಕೊಟ್ಟೆ. "ಆಯ್ತು ಅಕ್ಕ" ಅಂದರು. ನಮ್ಮ ಕೆಲಸದಲ್ಲಿ ಈ "ಆಯ್ತು" ಕೇಳಿದಾಗ ಜಾಸ್ತಿ ಎಚ್ಚರ ಇರಬೇಕು. ಎಷ್ಟೋ ಸಲ ಅದಕ್ಕೆ "ಇವರಿಗೆ ಹೇಳಿ ಪ್ರಯೋಜನ ಇಲ್ಲ" ಅನ್ನುವ ಅರ್ಥ ಇರುತ್ತದೆ.

ಮೂರು ವಾರ ಬಿಟ್ಟು ಹೋದೆ. ಪುಸ್ತಕ ಅದೇ ಟ್ರಂಕಿನ ಮೇಲೆ, ನಾನು ಇಟ್ಟ ಹಾಗೇ ಇತ್ತು. ಬಂದು ಫೈಲಿನಲ್ಲಿ ಬರೆದೆ: "ತಾಯಿಗೆ ಆಸಕ್ತಿ ಕಡಿಮೆ." ಆ ಸಾಲು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಹಿರಿಯ ಸಹೋದ್ಯೋಗಿ ಫೈಲು ಓದಿ, "ಅವರು ನಿಮ್ಮ ಹತ್ತಿರ ಏನು ಕೇಳಿದ್ರು?" ಅಂದರು. ಹೇಳಿದೆ. "ಹಾಗಾದ್ರೆ ಗುರಿ ಅವರೇ ಹೇಳಿದ್ದಾರಲ್ವಾ" ಅಂದರು, ಅಷ್ಟೇ.

ಮನೆ ಮಾಲೀಕರ ಹತ್ತಿರ ಹುಡುಗನ ತಾಯಿ, ನಾನು ಇಬ್ಬರೂ ಹೋದೆವು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡಿದ್ದೆವು. ಅಲ್ಲಿ ಮಾತಾಡಿದ್ದು ತಾಯಿಯೇ, ನಾನು ಪಕ್ಕದಲ್ಲಿ ನಿಂತಿದ್ದೆ. ಬಡಗಿ ಬಂದು ನೋಡಿದರೆ ಚೌಕಟ್ಟಿನ ಮರ ಲಡ್ಡಾಗಿತ್ತು, ಸ್ಕ್ರೂ ಹಿಡಿಯಲೇ ಇಲ್ಲ. ಹೊಸ ಪಟ್ಟಿ ಹೊಡೆದು ಅದರ ಮೇಲೆ ಚಿಲಕ ಕೂರಿಸಿದರು. ಮುಂದಿನ ಭೇಟಿಯಲ್ಲಿ ತಾಯಿ ನನಗೆ ತೋರಿಸಲೆಂದು ಎರಡೆರಡು ಸಲ ಚಿಲಕ ಹಾಕಿ ತೆಗೆದರು. ಹುಡುಗ ತಾನೂ ಹಾಕುತ್ತೇನೆ ಅಂತ ಹಟ ಮಾಡಿದ, ಎತ್ತಿಕೊಂಡೆ. ಬೆಳಗಿನ ನಿದ್ದೆ ಒಂದೇ ದಿನಕ್ಕೆ ಹೋಗಲಿಲ್ಲ. ಎರಡನೇ ವಾರ ಹಾಡಿನ ಹೊತ್ತಿಗೆ ಎದ್ದು ಕೂತ.

ಶಾಲಾಪೂರ್ವ ಶಿಕ್ಷಣದ ಮಾತು ಬಂದರೆ ಪೆರಿ ಪ್ರಿಸ್ಕೂಲ್ ಹೆಸರು ಬಂದೇ ಬರುತ್ತದೆ. ಅಮೆರಿಕದ ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಆ ಕಾರ್ಯಕ್ರಮದ ಅಧ್ಯಯನದಲ್ಲಿ 123 ಮಕ್ಕಳಿದ್ದರು. ಅಲ್ಲಿ ಕಲಿತ ಮಕ್ಕಳು ದೊಡ್ಡವರಾದ ಮೇಲೂ ಓದಿನಲ್ಲಿ, ಸಂಪಾದನೆಯಲ್ಲಿ ಮುಂದಿದ್ದರು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಟೀಚರ್‌ಗಳು ವಾರಕ್ಕೊಮ್ಮೆ ಸುಮಾರು ಒಂದೂವರೆ ಗಂಟೆ ಮಕ್ಕಳ ಮನೆಗೇ ಹೋಗುತ್ತಿದ್ದರು ಅನ್ನುವುದನ್ನು ಹೇಳುವವರು ಕಡಿಮೆ. ಅದನ್ನು ಬಿಟ್ಟು ಆ ಕಥೆ ಹೇಳಬಾರದು ಅನ್ನುವುದು ನನ್ನ ಅಭಿಪ್ರಾಯ. ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ 1965ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಕಾರ್ಯಕ್ರಮ ಹೆಡ್ ಸ್ಟಾರ್ಟ್ ಕೂಡ ಮೊದಲಿನಿಂದ ತಂದೆತಾಯಿಯರನ್ನು ಜೊತೆಗಿಟ್ಟುಕೊಂಡೇ ಬಂದಿದೆ. ಮಗು ಹೇಳದೆ ಕೇಳದೆ ಗೈರಾದರೆ, ಕೇಂದ್ರ ಶುರುವಾಗಿ ಒಂದು ಗಂಟೆಯೊಳಗೆ ಮನೆಯಿಂದ ಸುದ್ದಿ ಬರದಿದ್ದರೆ ಕೇಂದ್ರದವರೇ ಮನೆಯವರನ್ನು ಸಂಪರ್ಕಿಸಬೇಕು ಅಂತ ಅಲ್ಲಿ ನಿಯಮ ಇದೆ. ನಿಯಮ ಒಳ್ಳೆಯದೇ. ಆದರೆ ಆ ಫೋನಿನಲ್ಲಿ ಮೊದಲ ಮಾತು "ಯಾಕೆ ಕಳಿಸಿಲ್ಲ?" ಆಗಬಾರದು. "ಎಲ್ಲ ಆರಾಮಾ?" ಅಂತ ಶುರು ಮಾಡಿದರೆ ಮುಂದಿನದು ತಾನಾಗಿ ಬರುತ್ತದೆ.

ಫೋನಿನದೇ ಇನ್ನೊಂದು ಪಾಠ. ಒಂದು ಮನೆಯವರು ನನ್ನ ಕರೆಯನ್ನು ಯಾವಾಗಲೂ ಕಟ್ ಮಾಡುತ್ತಿದ್ದರು. ಆಮೇಲೆ ಗೊತ್ತಾಯಿತು, ಇಡೀ ಮನೆಗೆ ಇದ್ದದ್ದು ಒಂದೇ ಫೋನು. ಅದು ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಅಲ್ಲಿ ಫೋನ್ ಎತ್ತಿದರೆ ಬೈಗುಳ. ಸಂಜೆ ಏಳಕ್ಕೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

ಈಗ "ಆಸಕ್ತಿ ಇಲ್ಲ" ಅಂತ ನಾನು ಎಲ್ಲೂ ಬರೆಯುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ: ಪುಸ್ತಕ ಟ್ರಂಕಿನ ಮೇಲಿತ್ತು, ಬಾಗಿಲಿಗೆ ಚಿಲಕ ಇರಲಿಲ್ಲ. ಕೇಳಿದ್ದೆಲ್ಲ ನಮ್ಮ ಕೈಲಿ ಆಗುವುದಿಲ್ಲ. ಆಗದಿದ್ದರೆ ಅವತ್ತೇ ಹೇಳಿಬಿಡುತ್ತೇನೆ. ಬೇರೆ ಕಡೆ ಆಗುವಂತಿದ್ದರೆ ನಂಬರ್ ಬರೆದುಕೊಟ್ಟು ಬರುವುದಿಲ್ಲ, ಅಲ್ಲೇ ಕೂತು ಜೊತೆಗೇ ಫೋನ್ ಮಾಡುತ್ತೇವೆ.

ಈ ವರ್ಷ ನಮ್ಮ ಫಾರಂನ ತಲೆಯಲ್ಲಿ ಎರಡು ಖಾಲಿ ಗೆರೆ ಸೇರಿಸಿದ್ದೇವೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಅಲ್ಲಿ ಬರೆಯಬೇಕು. ಕಳೆದ ವಾರ ಮೊಮ್ಮಗಳನ್ನು ಸಾಕುತ್ತಿರುವ ಅಜ್ಜಿಯೊಬ್ಬರು ಅಲ್ಲಿ ಬರೆಸಿದ್ದು ಒಂದೇ ಪದ, "ಕನ್ನಡಕ." ಸೋಮವಾರ ಕಣ್ಣಿನ ತಪಾಸಣೆಗೆ ಹೋಗುತ್ತಿದ್ದೇವೆ.