ಲಾರ್ಡೆರೆಲ್ಲೊ: ನೆಲದ ಮರುದನಿಯ ಬೆನ್ನುಹತ್ತಿ

ವೊಲ್ಟೆರಾದಿಂದ ಹೊರಟ ಬಸ್ಸು ಪೊಮರಾನ್ಚೆ ದಾಟುತ್ತಿದ್ದಂತೆ ಗುಡ್ಡದ ಮೈಮೇಲೆ ಬೆಳ್ಳಿ ಬಣ್ಣದ ಕೊಳವೆಗಳು ಕಾಣತೊಡಗಿದವು. ರಸ್ತೆ ಅಡ್ಡ ಬಂದಲ್ಲಿ ಕಮಾನಾಗಿ ಮೇಲೇರಿ, ಮತ್ತೆ ಪೊದೆಗಳ ನಡುವೆ ನುಸುಳಿ, ಎಲ್ಲವೂ ಹಬೆಯುಗುಳುವ ದೈತ್ಯ ಗೋಪುರಗಳತ್ತ ಸಾಗಿದ್ದವು. ಬಸ್ಸಿನ ಬಾಗಿಲು ತೆರೆದದ್ದೇ ಕೊಳೆತ ಮೊಟ್ಟೆಯ ವಾಸನೆ. ಇಟಲಿಯ ಟಸ್ಕನಿ ಪ್ರಾಂತದ ಲಾರ್ಡೆರೆಲ್ಲೊಗೆ ಬಂದಿಳಿದಿದ್ದೆ.

1904ರಲ್ಲಿ ಉದ್ಯಮಿ ಪಿಯೆರೊ ಜಿನೋರಿ ಕೊಂತಿ ನೆಲದ ಹಬೆಯಿಂದ ವಿದ್ಯುತ್ ತಯಾರಿಸಿ ಐದು ಬಲ್ಬು ಉರಿಸಿದ್ದು ಇಲ್ಲೇ. ಆ ಕಥೆಯನ್ನು ಮ್ಯೂಸಿಯಂ ಚೆನ್ನಾಗಿ ಹೇಳುತ್ತದೆ. ನಾನು ಇಷ್ಟು ದೂರ ಬಂದದ್ದು ಮಾತ್ರ ಕಣ್ಣಿಗೆ ಕಾಣದ ಒಂದು ಗೆರೆಗಾಗಿ.

ಮೊದಮೊದಲು ಇಲ್ಲಿ ಹಬೆ ಎಲ್ಲಿ ಏಳುತ್ತದೋ ಅಲ್ಲೇ ಬಾವಿ ಕೊರೆಯುತ್ತಿದ್ದರು. ತೆಗೆದಂತೆಲ್ಲ ಮೇಲಿನ ಪದರದ ಒತ್ತಡ ಕುಸಿಯಿತು. ಮೂರು-ನಾಲ್ಕು ಕಿಲೋಮೀಟರ್ ಆಳಕ್ಕೆ ಇಳಿಯಬೇಕಾಯಿತು. ಅಷ್ಟು ಆಳದ ಬಾವಿಯನ್ನು ಬರೀ ಅಂದಾಜಿನ ಮೇಲೆ ಕೊರೆಯಲಾದೀತೇ? ನೆರವಿಗೆ ಬಂದದ್ದು ಸೀಸ್ಮಿಕ್ ಸಮೀಕ್ಷೆ. ಸ್ಫೋಟಕದಿಂದಲೋ ಕಂಪಿಸುವ ಲಾರಿಯಿಂದಲೋ ನೆಲವನ್ನು ಅದುರಿಸುತ್ತಾರೆ. ಅಲೆ ಕೆಳಗಿಳಿಯುತ್ತ, ಬಂಡೆಯ ಗುಣ ಬದಲಾದಲ್ಲೆಲ್ಲ ಒಂದಿಷ್ಟು ಹಿಂದಿರುಗುತ್ತದೆ. ಸಾಲಾಗಿ ನೆಟ್ಟ ಜಿಯೋಫೋನುಗಳು ಆ ಮರುದನಿಯನ್ನು ಹಿಡಿಯುತ್ತವೆ; ಹೋಗಿಬರಲು ತಗುಲಿದ ಸಮಯದಿಂದ ಆಳದ ಲೆಕ್ಕ. ಹಲಸನ್ನು ತಟ್ಟಿ, ಸದ್ದಿನಲ್ಲೇ ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಿದ್ದ ಅಜ್ಜಿ ನನಗೆ ನೆನಪಾದಳು.

ಹಾಗೆ ತಟ್ಟಿದಾಗ ಈ ಸೀಮೆಯಡಿ ಎರಡು ಮರುದನಿಗಳು ಎದ್ದು ಕೇಳಿದವು. ಮೇಲಿನದಕ್ಕೆ ಎಚ್ ಎಂದೂ ಕೆಳಗಿನದಕ್ಕೆ ಕೆ ಎಂದೂ ಹೆಸರಿಟ್ಟರು. ಸಮೀಕ್ಷೆಯ ಚಿತ್ರದಲ್ಲಿ ಮರುದನಿ ಗೆರೆಯಾಗಿ ಮೂಡುತ್ತದೆ; ನಾನು ಹುಡುಕಿ ಬಂದ ಗೆರೆ ಈ ಕೆ. ಕೆಲವೆಡೆ ಅದು ಸುಮಾರು ಮೂರು ಕಿಲೋಮೀಟರ್ ಆಳದಲ್ಲೇ ಇದೆ. ಅಲ್ಲಿ ನೀರು ದ್ರವವೂ ಅಲ್ಲದ, ಹಬೆಯೂ ಅಲ್ಲದ ಸ್ಥಿತಿಯಲ್ಲಿ ಸಿಕ್ಕೀತೆಂಬ ಆಸೆ. ಸಿಕ್ಕಿದ್ದರೆ ಒಂದೇ ಬಾವಿ ಹಲವು ಬಾವಿಗಳ ಕೆಲಸ ಮಾಡುತ್ತಿತ್ತು. 2017ರಲ್ಲಿ ವೆನೆಲ್ಲೆ-2 ಬಾವಿಯನ್ನು ಸುಮಾರು 2.9 ಕಿಲೋಮೀಟರ್‌ವರೆಗೆ ಕೊರೆದರು. ತಳದ ತಾಪಮಾನ 500 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಯಸಿದ ಆ ಸ್ಥಿತಿಯ ನೀರು ಮಾತ್ರ ಸಿಗಲಿಲ್ಲ. ನನಗಿದು ಸೋಲು ಅನ್ನಿಸುವುದಿಲ್ಲ. ಮರುದನಿ ಜಾಗ ತೋರಿಸೀತು. ಅಲ್ಲಿರುವುದೇನೆಂದು ಕೊರೆದೇ ನೋಡಬೇಕು, ಅವರು ನೋಡಿದರು.

ಸಂದರ್ಶಕರಿಗಾಗಿಯೇ ಇರುವ ಬಾವಿಯೊಂದರ ಕವಾಟವನ್ನು ಮಾರ್ಗದರ್ಶಕರು ತಿರುಗಿಸಿದಾಗ ಎದ್ದ ಬಿಳಿ ಕಂಬದ ಆರ್ಭಟಕ್ಕೆ ಎದೆಗೂಡೇ ನಡುಗಿತು.

ಸಂಜೆ ಮೊಂತೆರೊತೊಂದೊ ಮರಿತ್ತಿಮೊದ ಲೆ ಬಿಯಂಕಾನೆಯಲ್ಲಿ, ಹಬೆಗೆ ಬೆಂದು ಬಿಳಿಚಿದ ಕಲ್ಲುಗಳ ನಡುವೆ ನಡೆದೆ. ಪುತ್ತೂರಿನ ಬೆಂದ್ರ್ ತೀರ್ಥದ ಬೆಚ್ಚಗಿನ ನೀರನ್ನಷ್ಟೇ ಮುಟ್ಟಿ ಗೊತ್ತಿದ್ದ ಕೈಯನ್ನು ನೆಲಕ್ಕೊತ್ತಿದೆ. ಹೆಚ್ಚು ಹೊತ್ತು ಇಡಲಾಗಲಿಲ್ಲ.