ತಡವಾಗಿ ಬಂದ ಕೇಸು, ಕಾಕಾನ 68 ಸಾವಿರ

ಮೊನ್ನೆ ಗಂಗಾವತಿಗೆ ಹೋದಾಗ ಕಾಕಾ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಸುರಿದರು. ಬಸ್ ಟಿಕೆಟ್, ಝೆರಾಕ್ಸ್ ಬಿಲ್ಲು, ವಕೀಲರಿಗೆ ಕೊಟ್ಟ ಹಣದ ಚೀಟಿ. ಕೂಡಿಸಿದರೆ 68 ಸಾವಿರ. ಕೇಸು ಗೆದ್ದವರ ಲೆಕ್ಕ ಇದು.

2016ರಲ್ಲಿ ನೀರಿನ ಪಾಳಿಗೆ ಪಕ್ಕದ ಗದ್ದೆಯವರ ಜೊತೆ ಜಗಳ ಆಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಕೊನೆಯ ಗದ್ದೆಗೆ ಬರೋದೇ ತಡವಾಗಿ, ಬಂದಾಗ ಇಂಥ ತಳ್ಳಾಟ ಆಗುತ್ತೆ. ಎಲ್ಲರೂ ಮರೆತ ಮೇಲೆ, ಒಂದು ವರ್ಷ ಎಂಟು ತಿಂಗಳಿಗೆ, ಅವರು ಕಾಕಾನ ಮೇಲೆ ಖಾಸಗಿ ದೂರು, ಅಂದರೆ ನೇರವಾಗಿ ಕೋರ್ಟಿಗೇ ಕೊಡೋ ದೂರು, ಹಾಕಿದರು. ಹೊಡೆದದ್ದಕ್ಕೆ ಆಗಿನ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 323, ದಾರಿ ತಡೆದದ್ದಕ್ಕೆ 341. ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅಂತ ಹೇಳ್ತಿದ್ದ ಆಗಿನ ಕಾನೂನು ಸಿಆರ್‌ಪಿಸಿಯ ಸೆಕ್ಷನ್ 468ರ ಪ್ರಕಾರ ಇವೆರಡಕ್ಕೂ ದೂರು ಹಾಕೋ ಕಾಲಮಿತಿ ಒಂದೇ ವರ್ಷ. ತಡಕ್ಕೆ ಸರಿಯಾದ ಕಾರಣ ಇದ್ದರೆ ಕೋರ್ಟು ಮನ್ನಿಸಬಹುದು ನಿಜ, ಆದರೆ ಆ ದೂರಿನಲ್ಲಿ ಕಾರಣದ ಒಂದು ಸಾಲೂ ಇರಲಿಲ್ಲ. ಆದರೂ ಸಮನ್ಸ್ ಬಂತು. ಜಾಮೀನು, ತಿಂಗಳಿಗೊಂದು ತಾರೀಖು, ಭತ್ತ ನಾಟಿ ಮಾಡೋ ದಿನವೂ ಕೋರ್ಟಿನ ಬಾಗಿಲಲ್ಲಿ ಕಾಯೋದು. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಕೇಸು ರದ್ದು ಮಾಡಿತು.

ತಪ್ಪು ಸಾಬೀತಾಗಿದ್ದರೂ 323ಕ್ಕೆ ದಂಡ ಜಾಸ್ತಿ ಅಂದರೆ 1,000 ರೂಪಾಯಿ, 341ಕ್ಕೆ 500. ಹೊಟ್ಟೆ ಉರಿಯುತ್ತೆ ಅಲ್ವಾ?

"ಈ ರೊಕ್ಕ ಯಾರು ಕೊಡ್ತಾರ?" ಅಂತ ಕಾಕಾ ಕೇಳಿದರು. ಕೂತು ಓದಿದೆ. ಸಿಆರ್‌ಪಿಸಿ 250ರಲ್ಲಿ ಪರಿಹಾರ ಇದೆ, ಆದರೆ ಮ್ಯಾಜಿಸ್ಟ್ರೇಟರೇ ಬಿಡುಗಡೆ ಮಾಡಿ, ಆರೋಪಕ್ಕೆ ಆಧಾರವೇ ಇರಲಿಲ್ಲ ಅಂತ ಅವರಿಗೆ ಅನ್ನಿಸಬೇಕು. ಸುಮ್ನೆ ತಡವಾಗಿ ಬಂದದ್ದು ಅದರಲ್ಲಿ ಬರಲ್ಲ. ಅದೇ ಕಾನೂನಿನ ಸೆಕ್ಷನ್ 359 ಓದಿದಾಗಲಂತೂ ಸಿಟ್ಟೇ ಬಂತು. 323ರಂಥ ಅಪರಾಧದಲ್ಲಿ ಶಿಕ್ಷೆಯಾದರೆ ದೂರುದಾರರ ಖರ್ಚನ್ನು ಆರೋಪಿಯಿಂದ ಕೊಡಿಸಬಹುದು. ಕೇಸು ಬಿದ್ದುಹೋದರೆ ಆರೋಪಿಯ ಖರ್ಚಿಗೆ ಅಂಥ ಮಾತಿಲ್ಲ. ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲೂ ಇದು ಹಾಗೇ ಇದೆ, ಸೆಕ್ಷನ್ ನಂಬರು ಮಾತ್ರ 400 ಆಗಿದೆ. ಇಂಗ್ಲೆಂಡಿನಲ್ಲಿ 1985ರ ಕಾನೂನಿನ ಪ್ರಕಾರ, ಕೇಸು ಬಿದ್ದರೆ ಆರೋಪಿಯ ಖರ್ಚನ್ನು ಸರ್ಕಾರದ ಹಣದಿಂದ ಕೊಡಿಸಬಹುದು, ಮಿತಿಗಳಿದ್ದರೂ ದಾರಿ ಅಂತ ಒಂದಿದೆ. ನಮ್ಮಲ್ಲಿ ತಡ ಮಾಡಿದವರ ಕೈಯಿಂದಲಾದರೂ ಕೊಡಿಸಬೇಕು ಅಂತೀನಿ ನಾನು.

ಒಂದು ಸಣ್ಣ ಕಿಂಡಿ ಸಿಕ್ಕಿತು. ಕೇಸು ರದ್ದು ಕೋರುವ ಅರ್ಜಿಯಲ್ಲಿ ಹೈಕೋರ್ಟು ವೆಚ್ಚ ಕೊಡಿಸಬಹುದು, ಅಪರೂಪಕ್ಕಾದರೂ, ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಮನೆಗೆ ಬಂದು ನಮ್ಮ ಅರ್ಜಿ ತೆಗೆದು ನೋಡಿದೆ. ಕೇಸು ರದ್ದು ಮಾಡಿ ಅಂತ ಮಾತ್ರ ಕೇಳಿದ್ದೆವು. ಖರ್ಚಿನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ.