ಬೆಟಗೇರಿ ಪ್ರೆಸ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್: ಮೂರನೇ ವಾರ

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾದ ಫೈಲುಗಳನ್ನು ಈಗ ಎಲ್ಲೆಡೆ ಬಳಸುವ ಯುನಿಕೋಡ್‌ಗೆ ತರುವ ಪ್ರೋಗ್ರಾಮ್ ಹೋದ ತಿಂಗಳೇ ಮುಗಿಯಿತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಅದೇ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಅದೂ ಈಗ ಸರಿಯಾಗಿ ಕೂರುತ್ತಿದೆ. ಉಳಿದಿದ್ದು ಬೆಟಗೇರಿಯ ಪ್ರೆಸ್‌ನವರು ತಮ್ಮ ಉಬುಂಟು (ಲಿನಕ್ಸ್) ಕಂಪ್ಯೂಟರಿಗೆ ತಾವೇ ಹಾಕಿಕೊಳ್ಳುವಂತೆ ಒಂದು ಸ್ಕ್ರಿಪ್ಟ್, ಅಂದರೆ ಸಾಲಾಗಿ ಓಡುವ ಕಮ್ಯಾಂಡುಗಳ ಫೈಲು, ಮಾಡುವುದು.

ಶನಿವಾರ ಡಿಟಿಪಿ ಮಾಡುವ ಅಕ್ಕಾರ ಕೈಗೆ ಸೂಚನೆಯ ಹಾಳೆ ಕೊಟ್ಟು, ನಾನು ಹಿಂದೆ ಸ್ಟೂಲ್ ಮೇಲೆ ಸುಮ್ಮನೆ ಕೂತೆ. ಹಾಳೆಯಲ್ಲಿ ಕಮ್ಯಾಂಡಿನ ಮುಂದೆ ರೂಢಿಯಂತೆ ಡಾಲರ್ ಚಿಹ್ನೆ ಹಾಕಿದ್ದೆ. ಅದು ಕಮ್ಯಾಂಡ್ ಇಲ್ಲಿಂದ ಶುರು ಎಂಬ ಗುರುತಷ್ಟೇ, ಟೈಪ್ ಮಾಡುವಂಥದ್ದಲ್ಲ. ಅವರು ಅದನ್ನೂ ಟೈಪ್ ಮಾಡಿದರು. ಹಾಳೆಯಲ್ಲಿದ್ದದ್ದನ್ನೇ ಹೊಡೆದಿದ್ದಾರೆ, ತಪ್ಪು ಹಾಳೆಯದು. ಆಮೇಲೆ ಪಾಸ್‌ವರ್ಡ್. ಪರದೆ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. "ಏನೂ ಬರವಲ್ತಲ್ರೀ, ಕೀಬೋರ್ಡ್ ಕೆಟ್ಟೈತೇನು?" ಅಂದರು.

ಅರ್ಧ ಇನ್‌ಸ್ಟಾಲ್ ಆಗಿತ್ತು, ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಓಡಿಸಿದರೆ ಸ್ಕ್ರಿಪ್ಟ್ ಮೊದಲ ಹೆಜ್ಜೆಗೇ ನಿಂತಿತು: ಫೋಲ್ಡರ್ ಆಗಲೇ ಇದೆ. ಯಾವ ತಪ್ಪು ಬಂದರೂ ಅಲ್ಲೇ ನಿಲ್ಲಲಿ ಎಂದು ಮೇಲೆ 'ಸೆಟ್ -ಇ' ಬರೆದವನು ನಾನೇ. ಅಕ್ಕಾರು ಮೌಸ್ ಬಿಟ್ಟು ಕೈ ಹಿಂದೆ ತಗೊಂಡು, "ನಾ ಏನರ ಕೆಡಿಸಿದ್ನೇನ್ರಿ?" ಅಂತ ಕೇಳಿದರು. ಆ ಮಾತು ರಾತ್ರಿಯಿಡೀ ತಲೆಯಲ್ಲಿತ್ತು. ಕರೆಂಟ್ ಹೋಗುವ ಊರಿಗೆ ಬರೆಯುವ ಸ್ಕ್ರಿಪ್ಟು ಎಲ್ಲಿ ನಿಂತರೂ ಮತ್ತೆ ಮೊದಲಿನಿಂದ ಓಡಬೇಕು.

ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಫೋಲ್ಡರ್ ಮಾಡುವ ಕಮ್ಯಾಂಡ್ 'ಎಮ್‌ಕೆಡಿಐಆರ್'ಗೆ '-ಪಿ' ಸೇರಿಸಿದೆ, ಫೋಲ್ಡರ್ ಇದ್ದರೆ ಈಗ ತಕರಾರಿಲ್ಲ. ಅಕ್ಷರಗಳ ಪಟ್ಟಿಯ ಫೈಲನ್ನು ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಪೂರ್ತಿ ಇಳಿಸಿ, ಕೊನೆಗೆ ಹೆಸರು ಬದಲಿಸುತ್ತೇನೆ. ಹಾಗಾಗಿ ಅರ್ಧಂಬರ್ಧ ಪಟ್ಟಿ ಅಸಲಿ ಹೆಸರಿನಲ್ಲಿ ಉಳಿಯುವುದಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಉಬುಂಟುವಿನಲ್ಲಿ ತಂತ್ರಾಂಶ ತಂದು ಹಾಕುವ 'ಆಪ್ಟ್‌'ನಿಂದ ಬರುತ್ತವೆ. ಅದು ನಡುವೆ ನಿಂತಿದ್ದರೆ ಸರಿಪಡಿಸಲು 'ಡಿಪಿಕೆಜಿ --ಕಾನ್ಫಿಗರ್ -ಎ' ಎಂಬ ಕಮ್ಯಾಂಡ್ ಎಲ್ಲಕ್ಕಿಂತ ಮೊದಲು ಓಡುತ್ತದೆ. ಬಾಕಿ ಏನೂ ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ. ಬೇಕಂತಲೇ ನಡುವೆ ಪ್ಲಗ್ ಕಿತ್ತು 4 ಸಲ ನೋಡಿದೆ. ನಾಲ್ಕೂ ಸಲ ಮತ್ತೆ ಓಡಿಸಿದಾಗ ಇನ್‌ಸ್ಟಾಲ್ ಪೂರ್ತಿಯಾಯಿತು.

ಹಾಳೆಯಲ್ಲಿ ಡಾಲರ್ ತೆಗೆದಿದ್ದೇನೆ. ಪಾಸ್‌ವರ್ಡಿನ ಸಾಲು ಈಗ ಹೀಗಿದೆ: "ಹೊಡೆಯುವಾಗ ಏನೂ ಕಾಣುವುದಿಲ್ಲ, ಹೊಡೆದು ಎಂಟರ್ ಒತ್ತಿರಿ." ಅದರ ಕೆಳಗೆ ದಪ್ಪಕ್ಷರದಲ್ಲಿ: "ನಡುವೆ ನಿಂತರೆ ಇದೇ ಕಮ್ಯಾಂಡ್ ಮತ್ತೆ ಕೊಡಿ. ಏನೂ ಕೆಡುವುದಿಲ್ಲ."

ಅನ್‌ಇನ್‌ಸ್ಟಾಲ್ ಇನ್ನೂ ಬಾಕಿ. ಅದು ಪ್ರೋಗ್ರಾಮನ್ನಷ್ಟೇ ತೆಗೀಬೇಕು, ಅಕ್ಕಾರು ಬದಲಿಸಿಟ್ಟ ಲಗ್ನಪತ್ರಿಕೆಗಳ ಫೋಲ್ಡರ್ ಮುಟ್ಟಬಾರದು.